ಬರದೈತಿ, ಓದ್ಕೋ!

ನಮ್ಮ ಮಾಮಾನಿಗೆ ಬಾಯಿ ಇದೆ ಎಂಬುದಕ್ಕೆ ನಮ್ಮ ಬಳಗದಲ್ಲಿ ಸಾಕ್ಷಿ ಎರಡೇ. ಒಂದು, ಅವನು ಊಟ ಮಾಡುತ್ತಾನೆ. ಇನ್ನೊಂದು, ಯಾರು ಏನು ಕೇಳಿದರೂ ‘ಬರದೈತಿ, ಓದ್ಕೋ’ ಎನ್ನುತ್ತಾನೆ. ಮೂರನೆಯ ಕೆಲಸಕ್ಕೆ ಆ ಬಾಯಿ ತೆರೆದದ್ದನ್ನು ನಾನಂತೂ ಬಹಳ ಕಾಲ ಕಂಡಿರಲಿಲ್ಲ!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಮೂಡಲಗಿಯಲ್ಲಿ ಮನೆ. ಮನೆಯಲ್ಲಿ ಅವನು ಮತ್ತು ಅವನ ತಾಯಿ, ಅಂದರೆ ನನ್ನ ಆಯಿ, ಇಬ್ಬರೇ. ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು, ಬಜಾರದಲ್ಲಿ ಕರದಂಟಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕುಳಿತು, ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುತ್ತಾನೆ. ಬರೆಯುವುದು ಅವನ ಕಸುಬಷ್ಟೇ ಅಲ್ಲ, ಚಟವೂ ಹೌದು. ಅವನ ಮನೆಯ ಗೇಟಿನ ಮೇಲೆ ‘ಚಿಲಕ ಮೇಲೆತ್ತಿ, ಆಮೇಲೆ ದೂಡಿ’ ಎಂಬ ಚೀಟಿ. ಸ್ವಿಚ್ಚುಗಳ ಮೇಲೆ ಒಂದೊಂದರ ಜಾತಕ. ಬಚ್ಚಲಲ್ಲಿ ‘ಬಕೆಟ್ಟಿನ ಹಿಡಿಕೆ ನಂಬಬೇಡಿ’. ಒಮ್ಮೆ ನನ್ನ ಅವ್ವ, ಅಂದರೆ ಅವನ ಒಡಹುಟ್ಟಿದ ಅಕ್ಕ, ಅಕ್ಕರೆಯಿಂದ ‘ಆರಾಮದೀ ಏನೋ?’ ಎಂದು ಕೇಳಿದಳು. ಮಾಮಾ ಒಳಗೆ ಹೋಗಿ ತನ್ನ ರಕ್ತ ಪರೀಕ್ಷೆಯ ಕಾಗದ ತಂದು ಅವಳ ಕೈಗೆ ಕೊಟ್ಟ!

‘ಒಬ್ಬರಿಗೆ ಹೇಳಿದ್ರ ಒಬ್ಬರಿಗೆ ತಿಳೀತೈತಿ. ಬರದ್ರ ಎಲ್ಲಾರಿಗೂ ತಿಳೀತೈತಿ’ ಎಂಬುದು ಅವನ ಸಿದ್ಧಾಂತ. ಈ ಒಂದು ಮಾತನ್ನೂ ಅವನು ಬಾಯಿಬಿಟ್ಟು ಹೇಳಿದ್ದಲ್ಲ. ಪಡಸಾಲೆಯ ಗೋಡೆಯ ಮೇಲಿದೆ.

ಈ ಸಿದ್ಧಾಂತದ ಮೊದಲ ಬಲಿ ಅವನ ಮದುವೆ. ಕನ್ಯೆ ನೋಡಲು ಎಲ್ಲರೂ ಸಂಕೇಶ್ವರಕ್ಕೆ ಹೋಗಿದ್ದರಂತೆ. ಅವಲಕ್ಕಿ ತಿಂದಾಯಿತು, ಚಹಾ ಕುಡಿದಾಯಿತು. ಕನ್ಯೆಯ ತಂದೆ ಗಂಟಲು ಸರಿಮಾಡಿಕೊಂಡು, ‘ಏನ್ ಮಾಡ್ತೀರಿ ತಾವು?’ ಎಂದು ಕೇಳಿದರು. ಮಾಮಾ ಜೇಬಿನಿಂದ ನೀಟಾಗಿ ಮಡಿಸಿದ ಟೈಪು ಮಾಡಿದ ಹಾಳೆ ತೆಗೆದು, ‘ಬರದೈತ್ರಿ, ಓದ್ರಿ’ ಎಂದ. ಅದರಲ್ಲಿ ಅವನ ಓದು, ಕೆಲಸ, ಸಿಟ್ಟು ಬರುವ ಸಂದರ್ಭಗಳು, ನಿದ್ದೆಯಲ್ಲಿ ಗೊರಕೆ ಹೊಡೆಯುವ ಮಗ್ಗುಲು, ಎಲ್ಲ ಇದ್ದವಂತೆ! ಕೆಲವು ದಿನಗಳ ಮೇಲೆ ಅದೇ ಹಾಳೆ ಅಂಚೆಯಲ್ಲಿ ವಾಪಸು ಬಂತು. ಹಿಂಬದಿಯಲ್ಲಿ ಒಂದೇ ಶಬ್ದ: ‘ಓದಿದೆವು.’ ಮನೆಮಂದಿಯೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತರೆ ಮಾಮಾ ಮಾತ್ರ ಆ ಹಾಳೆಯನ್ನು ಬೆಳಕಿಗೆ ಹಿಡಿದು, ‘ಎಷ್ಟ್ ಚಂದ ಬರದಾರ ನೋಡ್ರಿ! ಒಂದು ಅಕ್ಷರ ಹೆಚ್ಚಿಲ್ಲ’ ಎಂದು ಮೆಚ್ಚಿಕೊಂಡನಂತೆ. ಅಂಥವರ ಮನೆಯ ಅಳಿಯನಾಗುವ ಯೋಗ ಅವನಿಗೆ ಇರಲಿಲ್ಲ, ಏನು ಮಾಡುವುದು?

ಎರಡನೆಯ ಬಲಿ ನಾನೇ. ನಾನು ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ರಜೆ ಬಂದರೆ ಮೂಡಲಗಿಗೆ ಓಡುತ್ತೇನೆ. ಅಂಥ ಒಂದು ಭಾನುವಾರ ಹಾಲಿನ ಸಂಘದ ಅಧ್ಯಕ್ಷರು ಮಾಮಾನನ್ನು ಹುಡುಕಿಕೊಂಡು ಮನೆಗೇ ಬಂದರು. ಸುತ್ತಲಿನ ಮೂರು ತಾಲೂಕಿನ ಊರುಗಳ ಹಾಲು ತೂಗುವುದು, ಅದು ಗಟ್ಟಿಯೋ ನೀರೋ ಎಂದು ಡಿಗ್ರಿ ನೋಡುವುದು, ಬಿಲ್ಲು ಮಾಡುವುದು, ಎಲ್ಲವೂ ನಡೆಯುವುದು ಮಾಮಾ ಬರೆದ ಪ್ರೋಗ್ರಾಮಿನಿಂದ. ಅವನ ಇಡೀ ವಯಸ್ಸಿನ ದುಡಿಮೆ ಅದು. ಇಂಥ ದೊಡ್ಡ ಮನುಷ್ಯರು ಬಂದಾಗ ಚಹಾ ಮಾಡಬೇಡವೇ? ನಾನು ಅಡುಗೆಮನೆಗೆ ಹೋಗಿ, ಮಾಮಾನ ದುಂಡು ಅಕ್ಷರದಲ್ಲಿ ‘ಸಕ್ಕರೆ’ ಎಂದು ಬರೆದಿದ್ದ ಡಬ್ಬಿ ತೆಗೆದು ಧಾರಾಳವಾಗಿ ಹಾಕಿದೆ.

ಅಧ್ಯಕ್ಷರು ಒಂದು ಗುಟುಕು ಕುಡಿದರು. ಕಪ್ಪು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು, ತಪ್ಪು ತಮ್ಮ ನಾಲಗೆಯದೇ ಇರಬೇಕೆಂದು ಇನ್ನೊಂದು ಗುಟುಕು ಕುಡಿದರು. ಆಮೇಲೆ ಬಹಳ ಸೌಜನ್ಯದಿಂದ, ‘ಏನವಾ ತಂಗಿ, ಇದು ಯಾವ ಊರ ಪದ್ಧತಿ?’ ಎಂದು ಕೇಳಿದರು. ಡಬ್ಬಿಯಲ್ಲಿದ್ದದ್ದು ಹರಳುಪ್ಪು!

ಇದು ಆಯಿಯ ಕೆಲಸ. ಆಯಿಗೆ ಓದಲು ಬರುವುದಿಲ್ಲ. ಮಗನ ಚೀಟಿಗಳೆಂದರೆ ಅವಳಿಗೆ ಡಬ್ಬಿಗೆ ಮಾಡಿದ ಶೃಂಗಾರ, ಅಷ್ಟೇ. ಮೊದಲೆಲ್ಲ ಯಾವ ಡಬ್ಬಿಯಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಈಚೆಗೆ ಮರೆವು ಬಂದಿದೆ. ಒಂದರದನ್ನು ಇನ್ನೊಂದರಲ್ಲಿ ಸುರಿದು, ಮುಚ್ಚಳ ಹಾಕಿ, ನಿಶ್ಚಿಂತೆಯಿಂದ ಕಟ್ಟೆಗೆ ಹೋಗಿ ಕೂರುತ್ತಾಳೆ.

ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದರೆ ಮಾಮಾ ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಇದು ಅವ್ವನ ತಪ್ಪಲ್ಲ. ನಿಂದೂ ಅಲ್ಲ. ಚೀಟಿದು ತಪ್ಪು’ ಎಂದ. ‘ಒಳಗಿನ ಸಾಮಾನು ಬದಲಾದ್ರ ಮ್ಯಾಲಿನ ಚೀಟಿ ತಾನ ಬದಲಾಗಬೇಕು.’

‘ಅಂಥಾ ಡಬ್ಬಿ ಯಾರ ಮಾಡ್ಯಾರ, ಮಾಮಾ?’

‘ಡಬ್ಬಿ ಯಾರೂ ಮಾಡಿಲ್ಲ. ಪ್ರೋಗ್ರಾಮಿಗೆ ಅಂಥಾ ಚೀಟಿ ಮಾಡ್ಯಾರ.’

ಅಧ್ಯಕ್ಷರ ಮುಖ ಅರಳಿತು. ಅವರು ಬಂದದ್ದೂ ಅದೇ ಕೆಲಸಕ್ಕೆ. ಸಂಘಕ್ಕೆ ಹೊಸ ಮ್ಯಾನೇಜರು ಬಂದಿದ್ದರು. ಬಂದವರೇ ಕೇಳಿದ ಮೊದಲ ಪ್ರಶ್ನೆ, ಈ ಪ್ರೋಗ್ರಾಮಿನ ವಿವರಣೆಯ ಪುಸ್ತಕ ಎಲ್ಲಿದೆ ಎಂದು. ಪುಸ್ತಕ ಇರಲಿಲ್ಲ. ಇದ್ದದ್ದು ಮಾಮಾ. ‘ಈ ಮನಷ್ಯಾ ಒಂದಿನ ಜ್ವರಾ ಬಂದು ಮಲಗಿದ್ರ ಮೂರೂ ತಾಲೂಕಿನ ಹಾಲು ಒಡೀಬೇಕೇನ್ರಿ? ಪುಸ್ತಕ ಇದ್ದ ಕಂಪನಿ ಪ್ರೋಗ್ರಾಮ್ ತರೂಣ್ರಿ, ಇದನ್ನ ತಗದ್ ಒಗಿಯೂಣು’ ಎಂದಿದ್ದರಂತೆ ಆ ಮ್ಯಾನೇಜರು. ನ್ಯಾಯವಾಗಿ ನೋಡಿದರೆ ತಪ್ಪೇನಿತ್ತು ಅದರಲ್ಲಿ?

ಊರಿಗೆಲ್ಲ ‘ಬರದೈತಿ, ಓದ್ಕೋ’ ಎನ್ನುವ ಮನುಷ್ಯ ತನ್ನ ಪ್ರೋಗ್ರಾಮಿಗೇ ಏನೂ ಬರೆದಿಡಲಿಲ್ಲ ಎಂಬ ಅಪವಾದ! ಮಾಮಾನ ಕಿವಿ ಕೆಂಪಾದವು. ಎದ್ದು ನಿಂತ. ನಾನು ಅವನ ಬಾಯಿಂದ ಅಷ್ಟುದ್ದದ ಮಾತು ಕೇಳಿದ್ದು ಅದೇ ಮೊದಲು.

‘ಹುಕ್ಕೇರ್ಯಾಗ ಹೊಸಾ ಹಾಲಿನ ಸೆಂಟರ್ ತಗಿಯಾಕತ್ತೀರಲ್ರಿ? ಅಲ್ಲಿ ಯಾರನ್ನರ ಹೊಸಬರನ್ನ ಕೂಡ್ರಸ್ರಿ. ಸಂಜೀ ಹಾಲು ಮುಗಿಯೂತನಾ ಅವರು ಬರೇ ಓದಿ ನಡಸಬೇಕು. ನಾ ಬಾಜೂಕ ಬಾಯಿ ಮುಚ್ಕೊಂಡು ಕೂಡ್ತೀನಿ. ಒಂದ ಒಂದು ಮಾತು ಆಡಿದ್ರೂ ನಾ ಸೋತಂಗ. ಪ್ರೋಗ್ರಾಮ್ ತಗದ್ ಒಗೀರಿ.’

‘ನೀವು ಬಾಯಿ ಮುಚ್ಕೊಂಡು ಕೂಡೂದು ಏನ್ ದೊಡ್ಡ ಮಾತ್ರಿ!’ ಎಂದು ಅಧ್ಯಕ್ಷರು ನಕ್ಕು, ಉಪ್ಪಿನ ಚಹಾವನ್ನು ಮರೆತು ಪೂರ್ತಿ ಕುಡಿದು ಹೋದರು.

ಮಾಮಾನ ಉಪಾಯ ಏನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಪ್ರೋಗ್ರಾಮು ಎಂದರೆ ಯಂತ್ರಕ್ಕೆ ಹೇಳಿದ ಕೆಲಸಗಳ ಸಾಲು. ಅದರ ನಡುನಡುವೆ ಒಂದು ಓರೆ ಗೆರೆ ಮತ್ತು ನಕ್ಷತ್ರದಂಥ ಚುಕ್ಕಿಯ ಗುರುತು ಹಾಕಿ ನಮ್ಮ ಭಾಷೆಯಲ್ಲೂ ನಾಲ್ಕು ಮಾತು ಬರೆಯಬಹುದು. ಯಂತ್ರ ಅದನ್ನು ಓದದೆ ಮುಂದೆ ಹೋಗುತ್ತದೆ, ಅದೇನಿದ್ದರೂ ಮನುಷ್ಯರಿಗೆ. ಈಗ ಇನ್ನೊಂದು ಸಲಕರಣೆ ಇದೆ. ಅದು ಪ್ರೋಗ್ರಾಮನ್ನು ಮೊದಲಿಂದ ಕೊನೆಯವರೆಗೆ ಗುಡಿಸುತ್ತ ಹೋಗಿ, ಎಲ್ಲೆಲ್ಲಿ ಎರಡು ಚುಕ್ಕಿ ಇಟ್ಟು ಬರೆದಿದೆಯೋ ಆ ಮಾತುಗಳನ್ನೆಲ್ಲ ಆರಿಸಿ, ಬ್ರೌಸರಿನಲ್ಲಿ ತೆರೆದು ಓದುವಂಥ ಪುಟಗಳನ್ನು ತಾನೇ ಮಾಡಿಕೊಡುತ್ತದೆ. ಎಡಗಡೆ ಹೆಸರುಗಳ ಸಾಲು. ಹೆಸರು ಒತ್ತಿದರೆ ಅದರ ವಿವರ. ವಿವರವನ್ನು ಒತ್ತಿದರೆ ಮತ್ತೆ ಪ್ರೋಗ್ರಾಮಿನ ಅದೇ ಸಾಲಿಗೆ. ಪ್ರೋಗ್ರಾಮು ಬದಲಾದರೆ ಅದನ್ನು ಇನ್ನೊಮ್ಮೆ ಓಡಿಸಿದರೆ ಸಾಕು, ಪುಟಗಳೂ ಹೊಸದಾಗುತ್ತವೆ. ಒಂದು ಚುಕ್ಕಿ ಇಟ್ಟು ಬರೆದದ್ದನ್ನು ಮಾತ್ರ ಅದು ಮುಟ್ಟುವುದಿಲ್ಲ. ಅದು ಬರೆದವನ ಖಾಸಗಿ ಮಾತು.

‘ಎರಡು ಚುಕ್ಕಿ ಬೀಗರಿಗೆ, ಒಂದು ಚುಕ್ಕಿ ಮನಿ ಮಂದಿಗೆ’ ಎಂದು ಮಾಮಾ ಕೋಣೆಯ ಗೋಡೆಗೆ ಚೀಟಿ ಹಚ್ಚಿದ.

ಆಮೇಲೆ ಹಿಡಿದ ಹಟ ನೋಡಬೇಕಿತ್ತು! ನಾನು ಕಾಲೇಜು ಮುಗಿಸಿ ಆ ಕೋಣೆಗೆ ಹೋದರೆ, ಕೆಳಗಿನ ಅಂಗಡಿಯಲ್ಲಿ ಬೆಲ್ಲದ ಪಾಕದ ವಾಸನೆ, ಮೇಲೆ ಕೀಲಿಮಣೆಯ ಸದ್ದು. ‘ಉಂಡಿ ಏನ್ ಮಾಮಾ?’ ಎಂದು ಕೇಳಿದರೆ ಬೆರಳು ಗೋಡೆಯತ್ತ. ಅಲ್ಲಿ ‘ಇಲ್ಲ’ ಎಂದು ಚೀಟಿ! ಹಾಲು ತೂಗುವ ಭಾಗದ ಮೇಲೆ ಅವನು ಬರೆದ: ‘ಮೊದಲು ಖಾಲಿ ಕ್ಯಾನಿನ ತೂಕ ಕಳೆಯಬೇಕು. ಇಲ್ಲದಿದ್ದರೆ ಕ್ಯಾನೂ ಹಾಲಾಗುತ್ತದೆ.’ ಮೊದಲ ಸಲ ಆ ಸಲಕರಣೆ ಓಡಿಸಿದಾಗ ಕನ್ನಡದ ಅಕ್ಷರಗಳೆಲ್ಲ ಚೌಕ ಚೌಕವಾಗಿ, ಪರದೆ ತುಂಬ ಶೇಂಗಾ ಚಿಕ್ಕಿ ಜೋಡಿಸಿಟ್ಟಂತೆ ಕಂಡಿತು. ನಾನು ‘ಇಂಗ್ಲಿಷಿನಾಗ ಬರೀಬಾರದ?’ ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ನಾನೇ ಕುಳಿತು ಅಕ್ಷರಗಳನ್ನು ಸರಿಪಡಿಸಿದೆ. ಹಾಲು ಹಾಕಲು ಬರುವವರು ಕನ್ನಡದವರು, ಅಳೆದುಕೊಳ್ಳುವವರು ಕನ್ನಡದವರು, ನಡುವೆ ಪುಸ್ತಕಕ್ಕೆ ಮಾತ್ರ ಇಂಗ್ಲಿಷು ಯಾಕೆ?

ಹುಕ್ಕೇರಿಗೆ ಹೋಗುವ ಮೊದಲು ಸಂಘದ ಕಚೇರಿಯಲ್ಲಿ ಒಮ್ಮೆ ತೋರಿಸಬೇಕೆಂದು ಠರಾವಾಯಿತು. ಹಿಂದಿನ ದಿನ ಮಾಮಾನಿಗೆ ಎಲ್ಲಿಯಾದರೂ ಎರಡು ಚುಕ್ಕಿ ಹಾಕಲು ಮರೆತಿದ್ದೇನೋ ಎಂಬ ಅನುಮಾನ ಬಂತು. ಒಂದೊಂದನ್ನೇ ನೋಡುತ್ತ ಕೂರುವ ಬದಲು, ಒಂದೇ ಹೊಡೆತಕ್ಕೆ ಇದ್ದ ಒಂಟಿ ಚುಕ್ಕಿಗಳನ್ನೆಲ್ಲ ಎರಡು ಮಾಡಿಬಿಟ್ಟ!

ಕಚೇರಿಯ ದೊಡ್ಡ ಪರದೆಯ ಮೇಲೆ ಪುಟಗಳು ತೆರೆದವು. ಅಧ್ಯಕ್ಷರು ತಾವೇ ಕಂಪ್ಯೂಟರಿನ ಇಲಿ ಹಿಡಿದು ‘ಬಟನ್ ಒತ್ತು’ ಎಂಬ ಹೆಸರು ಒತ್ತಿ, ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದರು: ‘ಅಧ್ಯಕ್ಷರು ಸಿಟ್ಟಿನಲ್ಲಿದ್ದಾಗ ಎರಡೆರಡು ಸಲ ಒತ್ತುತ್ತಾರೆ. ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಡ.’

ಮ್ಯಾನೇಜರು ನಗು ತಡೆಯಲಾರದೆ ತಾವೂ ಒಂದು ಹೆಸರು ಒತ್ತಿದರು. ‘ಹೊಸ ಮ್ಯಾನೇಜರರ ವರದಿ: ಇದನ್ನು ಯಾರೂ ಓದುವುದಿಲ್ಲ. ಆದರೂ ಬಣ್ಣ ಹಾಕು ಎಂದಿದ್ದಾರೆ. ಹಾಕಿದ್ದೇನೆ.’

‘ಏನ್ರಿ ಇದು?’ ಎಂದು ಮ್ಯಾನೇಜರು ಮಾಮಾನತ್ತ ತಿರುಗಿದರು. ಬೇರೆ ಯಾರೇ ಆಗಿದ್ದರೂ ಕೈಮುಗಿಯುತ್ತಿದ್ದರು. ಮಾಮಾನ ಬಾಯಿಗೆ ಅಭ್ಯಾಸಬಲದಿಂದ ಬಂದದ್ದು ಒಂದೇ: ‘ಬರದೈತ್ರಿ, ಓದ್ರಿ.’

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಒಂದು ಚುಕ್ಕಿ, ಎರಡು ಚುಕ್ಕಿಯ ಸಂಗತಿಯನ್ನು ತಡವರಿಸುತ್ತ ವಿವರಿಸಿದೆ. ‘ಹಂಗಾದ್ರ ನಂದು ಎರಡು ಚುಕ್ಕಿನ ಇರ್ಲಿ ಬಿಡ್ರಿ, ಖರೇನ ಬರದಾರ. ಮ್ಯಾನೇಜರ್ರದು ಒಂದು ಮಾಡ್ರಿ ಪಾಪ’ ಎಂದರು ಅವರು. ಮ್ಯಾನೇಜರು ಮಾತ್ರ ನಗಲಿಲ್ಲ. ‘ಹುಕ್ಕೇರ್ಯಾಗ ನೋಡೂಣ್ರಿ’ ಎಂದರು.

ಹುಕ್ಕೇರಿಗೆ ಹೊರಡುವ ದಿನ ನಾನು ಮೂಡಲಗಿಯ ಮನೆಯಲ್ಲೇ ಇದ್ದೆ. ಮಾಮಾ ಊಟದ ಡಬ್ಬಿಯ ಮೇಲೆ ಮೊದಲೇ ‘ರೊಟ್ಟಿ, ಪಲ್ಲೆ’ ಎಂದು ಚೀಟಿ ಹಚ್ಚಿಟ್ಟಿದ್ದ. ನಾನು ತುಂಬಲು ಹೋದರೆ ಆಯಿ ಬಿಡಲಿಲ್ಲ. ‘ನನ್ನ ಮಗಾ ದೊಡ್ಡ ಕೆಲಸಕ್ಕ ಹೊಂಟಾನ, ನಾ ಕಟ್ಟತೇನಿ, ಸರೀ ನೀ’ ಎಂದು ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿ, ತಾನೇ ತುಂಬಿ, ತಾನೇ ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಮಾಮಾ ಅವಳ ಫೋನನ್ನು ಸೆರಗಿನ ಹತ್ತಿರ ಇಟ್ಟ. ಅದರ ಒಂದು ಗುಂಡಿಯ ಮೇಲೆ ಹಣೆಗಿಡುವ ಕೆಂಪು ಟಿಕಳಿ ಅಂಟಿಸಿದ್ದಾನೆ. ಅದನ್ನು ಒತ್ತಿದರೆ ನೇರ ಮಾಮಾನಿಗೇ ಹೋಗುತ್ತದೆ. ಆ ಮನೆಯಲ್ಲಿ ಅಕ್ಷರವಿಲ್ಲದ ಚೀಟಿ ಅದೊಂದೇ.

ದಾರಿಯುದ್ದಕ್ಕೂ ಮಾಮಾ ಗೊಂಬೆಯಂತೆ ಕುಳಿತಿದ್ದ. ಮಧ್ಯಾಹ್ನ ‘ಡಬ್ಬಿ ಬಿಚ್ಚಲೇನ್?’ ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದ. ಗಂಟು ನನ್ನ ಚೀಲದಲ್ಲೇ ಉಳಿಯಿತು.

ಹೊಸ ಸೆಂಟರಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದ್ದು ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹೆಣ್ಣುಮಗಳನ್ನು. ಒಂದು ಪರದೆಯಲ್ಲಿ ಪ್ರೋಗ್ರಾಮು, ಬಾಜೂಕ ಬ್ರೌಸರಿನಲ್ಲಿ ಮಾಮಾನ ಪುಟಗಳು. ಹೊರಗೆ ಕ್ಯಾನು ಹಿಡಿದವರ ಸಾಲು. ಮಾಮಾ ಬಾಯಿಗೆ ಇಡೀ ಅಡಿಕೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತ. ಎದುರಿಗೆ ಮ್ಯಾನೇಜರು, ಅವನ ತುಟಿಯ ಮೇಲೇ ಕಣ್ಣು ನೆಟ್ಟು. ಅಧ್ಯಕ್ಷರು ಬಾಗಿಲಲ್ಲಿ.

ಮೊದಮೊದಲು ಎಲ್ಲ ಸರಾಗವಾಗಿ ನಡೆಯಿತು. ಆಕೆ ಓದುವುದು, ತಲೆಯಾಡಿಸುವುದು, ಒತ್ತುವುದು. ಅಷ್ಟರಲ್ಲಿ ತಲೆ ನೆರೆತ ಒಬ್ಬ ಮುತ್ಯಾ ಒಂದು ಕ್ಯಾನಿನಲ್ಲಿ ಎಮ್ಮಿ ಹಾಲು, ಇನ್ನೊಂದರಲ್ಲಿ ಆಕಳ ಹಾಲು ತಂದ. ಎಮ್ಮಿಯದು ಆಯಿತು. ಎರಡನೆಯದನ್ನು ಪ್ರೋಗ್ರಾಮು ಒಲ್ಲೆ ಎಂದಿತು. ಆಕೆ ಮಾಮಾನತ್ತ ನೋಡಿದಳು. ಮಾಮಾ ತೊಲೆ ನೋಡಿದ.

‘ಲಗೂ ಮಾಡವಾ, ಹಾಲು ಒಡದು ಮಸರಾದಮ್ಯಾಲ ತೂಗತಿ ಏನ್?’ ಮುತ್ಯಾ ಗದರಿದ.

ಮಾಮಾನ ಬಾಯಿಯಲ್ಲಿ ಅಡಿಕೆ ಕಟಕ್ಕೆಂದು ಮುರಿಯಿತು. ಆಕೆ ಎಡಗಡೆಯ ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋಗಿ, ‘ಒಬ್ಬರದೇ ಎರಡನೆಯ ಕ್ಯಾನು’ ಎಂಬಲ್ಲಿ ನಿಂತಳು. ಒತ್ತಿ ಓದಿದಳು: ‘ಹೆದರಬೇಡಿ. ಪ್ರಾಣಿಯ ಹೆಸರು ಬದಲಿಸಿ, ಮತ್ತೆ ಒತ್ತಿ.’ ಬದಲಿಸಿದಳು, ಒತ್ತಿದಳು, ಆಯಿತು! ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಮ್ಯಾನೇಜರ ಮುಖ ಕೂಡ ಸ್ವಲ್ಪ ಸಡಿಲವಾಯಿತು. ಸಾಲಿನಲ್ಲಿ ಇನ್ನು ಕೆಲವರಷ್ಟೇ ಉಳಿದಿದ್ದರು.

ಆಗ ಮಾಮಾನ ಫೋನು ಬಡಿದುಕೊಳ್ಳತೊಡಗಿತು. ‘ಅವ್ವ’ ಎಂಬ ಅಕ್ಷರ ನನಗೂ ಕಂಡಿತು. ಅವನು ಫೋನು ನೋಡಿದ, ಮ್ಯಾನೇಜರನ್ನು ನೋಡಿದ, ಸಾಲು ನೋಡಿದ. ಫೋನು ನಿಂತಿತು. ಮತ್ತೆ ಬಡಿದುಕೊಂಡಿತು. ನಾನು ಕೊಡು ಎಂದು ಕೈ ಚಾಚಿದೆ. ಮಾಮಾ ಕೊಡಲಿಲ್ಲ. ಬಾಯಿಯಲ್ಲಿದ್ದ ಅಡಿಕೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

‘ಹೇಳವಾ.’

‘ಎಲ್ಲದೀಯೋ?’ ಆಯಿಯ ದನಿ ಸೆಂಟರಿಗೆಲ್ಲ ಕೇಳುವಷ್ಟು ದೊಡ್ಡದು.

‘ಹುಕ್ಕೇರ್ಯಾಗ ಅದೀನವಾ.’

‘ಉಂಡಿ ಏನೋ?’

‘ಉಂಡೇನವಾ.’

‘ಏನ್ ಉಂಡಿ?’

‘ನೀ ಕಟ್ಟಿದ್ದ ರೊಟ್ಟಿ, ಪಲ್ಲೆ.’

ಆಚೆಯಿಂದ ಮತ್ತೆ, ‘ಎಲ್ಲದೀಯೋ?’

‘ಹುಕ್ಕೇರ್ಯಾಗ ಅದೀನವಾ.’ ಅದೇ ಮೆತ್ತಗಿನ ದನಿ, ಆ ಪ್ರಶ್ನೆಯನ್ನು ಈಗಷ್ಟೇ ಮೊದಲ ಸಲ ಕೇಳಿದವನ ಹಾಗೆ. ಉಂಡಿ ಏನೋ? ಉಂಡೇನವಾ. ಏನ್ ಉಂಡಿ? ರೊಟ್ಟಿ, ಪಲ್ಲೆ. ಮತ್ತೆ, ಇನ್ನೊಮ್ಮೆ. ಗದರಿದ್ದ ಮುತ್ಯಾ ಖಾಲಿ ಕ್ಯಾನು ಹಿಡಿದುಕೊಂಡು ಅಲ್ಲೇ ನಿಂತಿದ್ದ. ಸಾಲಿನಲ್ಲಿ ಯಾರೂ ಲಗೂ ಮಾಡು ಎನ್ನಲಿಲ್ಲ. ಆಯಿಗೆ ಸಮಾಧಾನವಾಗಿ, ತಾನೇ ಫೋನು ಇಟ್ಟಳು.

ಮ್ಯಾನೇಜರು ಕೈ ಹಿಸುಕಿಕೊಂಡರು. ‘ಬಾಯಿ... ತೆರದ್ರಲ್ರಿ ಸಾಹೇಬ್ರ’ ಎಂದರು, ಹೇಳಲು ಮನಸ್ಸಿಲ್ಲದವರಂತೆ.

ಮಾಮಾ ತಲೆ ತಗ್ಗಿಸಿದ. ಇಷ್ಟು ವರ್ಷದ ಕೆಲಸ ಹೋಯಿತಲ್ಲ ಎಂದು ನನಗೆ ಅಳು ಬಂತು. ಕಂಪ್ಯೂಟರಿನ ಮುಂದಿನ ಹೆಣ್ಣುಮಗಳು ತಿರುಗಿ, ‘ನನಗೇನೂ ಹೇಳಿಲ್ರಿ ಅವರು. ನಾ ಓದೇ ಮಾಡೇನಿ’ ಎಂದಳು.

ಅಧ್ಯಕ್ಷರು ಬಾಗಿಲಿನಿಂದ ಒಳಗೆ ಬಂದರು. ‘ಮ್ಯಾನೇಜರ್ರ, ಅದು ಒಂದು ಚುಕ್ಕಿ ಮಾತ್ರಿ. ಮನಿ ಒಳಗಿನದು. ಪುಸ್ತಕಕ್ಕ ಬರೂದಿಲ್ಲ’ ಎಂದರು. ಮ್ಯಾನೇಜರು ಒಂದು ಕ್ಷಣ ಅವರನ್ನೇ ನೋಡಿ, ಹೌದೆಂಬಂತೆ ತಲೆಯಾಡಿಸಿ, ಉಳಿದವರ ಕ್ಯಾನುಗಳನ್ನು ತಾವೇ ಎತ್ತಿ ತೂಕಕ್ಕೆ ಇಡತೊಡಗಿದರು. ಪ್ರೋಗ್ರಾಮು ಉಳಿಯಿತು.

ಮರಳಿ ಬರುವಾಗ ಘಟಪ್ರಭಾದಲ್ಲಿ ಇಳಿದು ಮೂಡಲಗಿಯ ಬಸ್ಸಿಗೆ ಕಾಯುತ್ತ ಕುಳಿತಾಗ ನನಗೆ ತಡೆಯಲಾಗಲಿಲ್ಲ. ‘ಮಾಮಾ, ಆಯಿಗೆ ಓದಾಕ ಬರೂದಿಲ್ಲ, ಖರೆ. ಆದ್ರ ನಿನ್ನ ದನಿ ತುಂಬಿಟ್ರ ಫೋನ್ ತಾನ ಉತ್ತರಾ ಹೇಳತೈತಲ್ಲ? ನಿನಗ ಅದೇನ್ ದೊಡ್ಡ ಕೆಲಸ?’

ಗೋಡೆ ಹತ್ತಿರ ಇರಲಿಲ್ಲವೆಂದೋ ಏನೋ, ಮಾಮಾ ಬಾಯಿಂದಲೇ ಹೇಳಿದ. ‘ಈಗ ಉತ್ತರಾ ಮರೀತಾಳ. ಮುಂದ ಒಂದಿನ ಕೇಳೂದನ್ನ ಮರೀತಾಳ. ಆಮ್ಯಾಲ ನಾ ಯಾರಿಗೆ ಹೇಳ್ಲಿ?’

ನಾನು ಚೀಲದಿಂದ ಊಟದ ಗಂಟು ತೆಗೆದು ಬಿಚ್ಚಿ ಇಬ್ಬರ ನಡುವೆ ಇಟ್ಟೆ. ಮುಚ್ಚಳ ತೆರೆದರೆ ಡಬ್ಬಿಯ ತುಂಬ ಸಕ್ಕರೆ! ರೊಟ್ಟಿಯೂ ಇಲ್ಲ, ಪಲ್ಲೆಯೂ ಇಲ್ಲ. ಒತ್ತಿ ಒತ್ತಿ ತುಂಬಿದ ಬರೀ ಸಕ್ಕರೆ. ಮಾಮಾ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ. ನನಗೂ ಒಂದು ಚಿಟಿಕೆ ಕೊಟ್ಟ.

ಫೋನು ಮತ್ತೆ ಬಡಿದುಕೊಂಡಿತು.

‘ಉಂಡಿ ಏನೋ?’

‘ಉಂಡೇನವಾ.’

‘ಏನ್ ಕಟ್ಟಿದ್ದೆ ನಾ?’

ಒಳಗಿನ ಸಾಮಾನಿಗೂ ಮೇಲಿನ ಚೀಟಿಗೂ ಕೂದಲೆಳೆಯ ವ್ಯತ್ಯಾಸ ಬರಬಾರದೆಂದು ಜೀವ ತೇಯ್ದ ಮನುಷ್ಯ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ‘ರೊಟ್ಟಿ, ಪಲ್ಲೆ ಕಟ್ಟಿದ್ದೆವಾ. ಭಾಳ ರುಚಿ ಆಗಿತ್ತು’ ಎಂದ.

ಮುಚ್ಚಳದ ಮೇಲೆ ಅವನದೇ ದುಂಡು ಅಕ್ಷರ: ‘ರೊಟ್ಟಿ, ಪಲ್ಲೆ.’ ನಾನು ಏನೂ ಕೇಳಲಿಲ್ಲ; ಓದಿಕೊಂಡೆ.